ಹಡಗಿನ ಎಂಜಿನ್ನೂ ಅದರ ಬೋಲ್ಟುಗಳ ದಣಿವೂ

ನಡುಗಡಲಿನಲ್ಲಿ ಎಂಜಿನ್ನಿನ ಕನೆಕ್ಟಿಂಗ್ ರಾಡು ಕಳಚಿಕೊಂಡು ಕ್ರ್ಯಾಂಕ್‌ಕೇಸಿನ ಗೋಡೆಯನ್ನೊಡೆದು ಹೊರಬಂದಿತೆಂಬ ವಾರ್ತೆ ದಡ ಮುಟ್ಟಿದೊಡನೆ, ಧಕ್ಕೆಯಲ್ಲಿ ನಡೆಯುವ ವಿಚಾರಣೆಯಲ್ಲಿ ಮೊದಲ ಅಪರಾಧಿಯಾಗಿ ನಿಲ್ಲುವುದು ಬೋಲ್ಟು. ಅದರ ಬೆನ್ನಿಗೇ ಅದನ್ನು ಮಾರಿದ ಅಂಗಡಿಯವನು. "ಮಾಲು ಕಳಪೆ" ಎಂಬ ತೀರ್ಪು ಹೊರಬಿದ್ದು, ಮೊದಲಿನದಕ್ಕಿಂತ ಗಟ್ಟಿಯೆನಿಸಿದ, ಮೊದಲಿನದಕ್ಕಿಂತ ದುಬಾರಿಯಾದ ಬೋಲ್ಟೊಂದನ್ನು ತಂದು, ಹಿಂದೆ ಬಿಗಿದ ಕೈಯೇ ಹಿಂದೆ ಬಿಗಿದ ಕ್ರಮದಲ್ಲಿಯೇ ಬಿಗಿದು, ಎಂಜಿನ್ನನ್ನು ಮರಳಿ ಕಡಲಿಗೆ ಕಳುಹಿಸುವುದು ರೂಢಿಯಾಗಿದೆ. ಕೆಲವು ತಿಂಗಳಲ್ಲಿ ಅದೇ ಕಥೆ ಮರುಕಳಿಸಿದಾಗ ವಿಧಿಯನ್ನು ಹಳಿಯುವವರುಂಟೇ ಹೊರತು ಸ್ಪ್ಯಾನರನ್ನು ಶಂಕಿಸುವವರು ವಿರಳ. ಆದರೆ ಹೀಗೆ ಮುರಿದ ಬೋಲ್ಟುಗಳನ್ನು ತಿಳಿದವರು ಕೈಗೆತ್ತಿಕೊಂಡು ನೋಡಿದಾಗ ಉಕ್ಕಿನ ದೋಷ ಕಾಣಸಿಗುವುದು ಅಪರೂಪ. ತಕ್ಕಷ್ಟು ಬಿಗಿಯದೆ ಬಿಟ್ಟದ್ದು, ಇಲ್ಲವೆ ಮೊದಲಿದ್ದ ಬಿಗಿತ ಯಾವುದೋ ಕಾರಣದಿಂದ ಮೆಲ್ಲಮೆಲ್ಲನೆ ಕರಗಿಹೋದದ್ದೇ ಹೆಚ್ಚಾಗಿ ಮೂಲ. ಬಲವಾಗಿ ಬಿಗಿದರೆ ಬೋಲ್ಟಿಗೆ ಆಯಾಸವಾದೀತೆಂದು ಒಂದಿಷ್ಟು ಸಡಿಲವಾಗಿಯೇ ಬಿಡುವ ಕರುಣಾಳುಗಳನ್ನು ನಾನು ಕಂಡಿದ್ದೇನೆ. ಬೋಲ್ಟನ್ನು ಕೊಲ್ಲುವುದು ಆ ಕರುಣೆಯೇ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಉಕ್ಕಿನ ಸರಳೊಂದನ್ನು ಒಂದೇ ಸಲಕ್ಕೆ ಎಳೆದು ಹರಿಯಲು ಬೇಕಾಗುವ ಬಲಕ್ಕೂ, ಅದನ್ನೇ ಎಳೆದು ಬಿಟ್ಟು, ಮತ್ತೆ ಎಳೆದು ಬಿಟ್ಟು, ಲಕ್ಷೋಪಲಕ್ಷ ಆವೃತ್ತಿಗಳಲ್ಲಿ ಹರಿಯಲು ಸಾಕಾಗುವ ಬಲಕ್ಕೂ ಅಜಗಜಾಂತರವಿದೆ. ಲೋಹದ ದಣಿವೆಂದು ಕರೆಯಲ್ಪಡುವ ಈ ಸಂಗತಿ ಲೋಕದ ಗಮನಕ್ಕೆ ಬಂದದ್ದು ರೈಲ್ವೆಯ ದೆಸೆಯಿಂದ. ೧೮೪೨ನೆಯ ಇಸವಿ ಮೇ ೮ರಂದು ವರ್ಸೇಲ್ಸಿನ ಉತ್ಸವ ಮುಗಿಸಿ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನೊಂದರ ಅಚ್ಚು ದಾರಿಯಲ್ಲಿ ಮುರಿದು, ಗಾಡಿಗಳು ಒಂದರ ಮೇಲೊಂದೇರಿ, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ನೀಗಿದರು. ಅಷ್ಟು ದಿನ ಭಾರ ಹೊತ್ತ ಅಚ್ಚು ಅಂದು ಏಕೆ ಮುರಿಯಿತೆಂಬ ಪ್ರಶ್ನೆ ವಿದ್ವಾಂಸರನ್ನು ಬಹುಕಾಲ ಕಾಡಿತು. ಪ್ರಷ್ಯದ ರೈಲ್ವೆಯಲ್ಲಿ ಎಂಜಿನಿಯರನಾಗಿದ್ದ ಆಗಸ್ಟ್ ವೋಲರನು ಮುಂದಿನ ದಶಕಗಳಲ್ಲಿ ಅಚ್ಚುಗಳನ್ನು ಯಂತ್ರದಲ್ಲಿ ಹಗಲಿರುಳು ತಿರುಗಿಸಿ ಪರೀಕ್ಷಿಸಿ, ಭಾರದ ಮೊತ್ತಕ್ಕಿಂತಲೂ ಭಾರದ ಏರಿಳಿತವೇ ಲೋಹದ ಆಯುಸ್ಸನ್ನು ನಿರ್ಣಯಿಸುವುದೆಂದು ತೋರಿಸಿಕೊಟ್ಟನು. ಎಂಜಿನ್ನಿನ ಬಳಿ ಕೆಲಸ ಮಾಡುವವನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದುದು ಈ ಏರಿಳಿತವನ್ನೇ.

ಬೋಲ್ಟಿನ ತಲೆಯ ಮೇಲೆ ೧೦.೯ ಎಂದು ಅಚ್ಚೊತ್ತಿರುವುದನ್ನು ಎಲ್ಲರೂ ನೋಡಿರುತ್ತಾರೆ. ಅದು ಹರಿಯಬೇಕಾದರೆ ಅಡ್ಡಕೊಯ್ತದ ಪ್ರತಿಯೊಂದು ಚದರ ಮಿಲಿಮೀಟರಿಗೂ ೧೦೦೦ ನ್ಯೂಟನ್ನಿನಷ್ಟು ಬಲ ಬೇಕು. ಸುಮಾರು ೯೦೦ರ ತನಕ ಎಳೆದರೂ ಬಿಟ್ಟಮೇಲೆ ಅದು ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಇದನ್ನು ಕೇಳಿದವನಿಗೆ ಆ ಬೋಲ್ಟು ಅಜೇಯವೆಂದೇ ತೋರೀತು. ಆದರೆ ಜರ್ಮನಿಯ ಎಂಜಿನಿಯರರ ಸಂಘದವರು ಬೋಲ್ಟುಗಳ ಲೆಕ್ಕಕ್ಕೆಂದು ರೂಪಿಸಿರುವ, ಲೋಕವೆಲ್ಲ ಬಳಸುತ್ತಿರುವ ವಿಡಿಐ ೨೨೩೦ ಎಂಬ ನಿಯಮಾವಳಿಯ ಸೂತ್ರದಲ್ಲಿ ೨೪ ಮಿಲಿಮೀಟರಿನ ಬೋಲ್ಟನ್ನು ಇಟ್ಟು ನೋಡಿದರೆ, ಅದರ ಥ್ರೆಡ್ಡು ದಣಿಯದೆ ತಾಳಿಕೊಳ್ಳತಕ್ಕ ಏರಿಳಿತವು ನಡುವಿನ ಮಟ್ಟದಿಂದ ಚದರ ಮಿಲಿಮೀಟರಿಗೆ ಮೇಲಕ್ಕೆ ೪೪, ಕೆಳಕ್ಕೆ ೪೪ ನ್ಯೂಟನ್ ಮಾತ್ರ. ಸಾವಿರವೆಲ್ಲಿ, ನಲವತ್ತನಾಲ್ಕೆಲ್ಲಿ! ಅದಕ್ಕಿಂತಲೂ ವಿಸ್ಮಯದ ಸಂಗತಿಯೆಂದರೆ, ಥ್ರೆಡ್ಡು ಮೂಡಿಸಿ ಆಮೇಲೆ ಕಾಯಿಸಿ ಹದಗೊಳಿಸಿದ ಸಾಮಾನ್ಯ ಬೋಲ್ಟುಗಳಲ್ಲಿ ೮.೮ಕ್ಕೂ ೧೦.೯ಕ್ಕೂ ೧೨.೯ಕ್ಕೂ ಈ ಸಂಖ್ಯೆ ಒಂದೇ. ಹೆಚ್ಚು ಬೆಲೆ ತೆತ್ತು ಹೆಚ್ಚು ಗಟ್ಟಿಯ ಬೋಲ್ಟು ತಂದವನು ಅದನ್ನು ಹಳೆಯ ಬಿಗಿತದಲ್ಲಿಯೇ ಬಿಗಿದರೆ, ದಣಿವಿನ ವಿಷಯದಲ್ಲಿ ಒಂದು ಕಾಸಿನ ಲಾಭವನ್ನೂ ಪಡೆಯಲಾರನು.

ಏರಿಳಿತವಾದರೂ ಎಷ್ಟು ಸಲ? ಹಡಗುಗಳಲ್ಲಿ ವಿದ್ಯುತ್ತಿಗಾಗಿ ಓಡುವ ನಾಲ್ಕು ಹೊಡೆತದ ಎಂಜಿನ್ನು ನಿಮಿಷಕ್ಕೆ ೭೫೦ ಸುತ್ತು ತಿರುಗುತ್ತದೆಂದು ಇಟ್ಟುಕೊಳ್ಳೋಣ. ಎರಡು ಸುತ್ತಿಗೊಮ್ಮೆ, ಹೊಗೆಯನ್ನು ಹೊರದೂಡುತ್ತ ಪಿಸ್ಟನ್ನು ಮೇಲಕ್ಕೆ ಧಾವಿಸಿ ತುದಿ ಮುಟ್ಟುವ ಕ್ಷಣದಲ್ಲಿ, ಅದನ್ನು ತಡೆದು ಕೆಳಕ್ಕೆಳೆಯಲು ಎದುರಿನಿಂದ ಅನಿಲದ ಒತ್ತಡ ಇರುವುದಿಲ್ಲ. ಪಿಸ್ಟನ್ನಿನ ಮತ್ತು ರಾಡಿನ ಸಮಸ್ತ ವೇಗವನ್ನೂ ಹಿಡಿದು ಹಿಂದಿರುಗಿಸುವ ಹೊಣೆ, ಕ್ರ್ಯಾಂಕನ್ನು ಹಿಡಿದಿರುವ ರಾಡಿನ ತುದಿಯಾದ ಬಿಗ್ ಎಂಡಿನ ಬೋಲ್ಟುಗಳ ಮೇಲೆ ಬೀಳುತ್ತದೆ. ನಿಮಿಷಕ್ಕೆ ೩೭೫ ಜಗ್ಗು, ಗಂಟೆಗೆ ೨೨,೫೦೦ ಜಗ್ಗು. ಉಕ್ಕಿನ ದಣಿವಿನ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸೀಮೆಯಾಗಿ ಹಿಡಿಯುವ ಒಂದು ಕೋಟಿ ಆವೃತ್ತಿಗಳು ಹೀಗೆ ಸುಮಾರು ೪೪೫ ಗಂಟೆಗಳಲ್ಲಿ, ಎಂದರೆ ಹತ್ತೊಂಬತ್ತು ದಿನಗಳೊಳಗೆ ತುಂಬಿಬಿಡುತ್ತವೆ. ನಿಮಿಷಕ್ಕೆ ೧೫೦೦ ಸುತ್ತಿನ ಎಂಜಿನ್ನಾದರೆ ಅದರ ಅರ್ಧ ಕಾಲ ಸಾಕು. "ಬಿಗಿದು ತಿಂಗಳಾಯಿತು, ಏನೂ ಆಗಿಲ್ಲ" ಎಂದು ನಿಶ್ಚಿಂತೆಯಾಗಿರುವವನು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದೊಳ್ಳೆಯದು. ಭಾರಿ ಹಡಗುಗಳ ಎರಡು ಹೊಡೆತದ ಕ್ರಾಸ್‌ಹೆಡ್ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೇರಿದಾಗಲೆಲ್ಲ ಸಂಪೀಡಿತವಾದ ಗಾಳಿ ಅದನ್ನು ಎದುರಿಸುವುದರಿಂದ ರಾಡು ಬಹುಮಟ್ಟಿಗೆ ಸದಾ ಒತ್ತಲ್ಪಟ್ಟೇ ಇರುತ್ತದೆ. ಆದುದರಿಂದ ಅಲ್ಲಿನ ಬಿಗ್ ಎಂಡ್ ಬೋಲ್ಟಿಗೆ ಇಷ್ಟು ಸಂಕಟವಿಲ್ಲ. ಅಲ್ಲಿ ಸಂಕಟವೆಲ್ಲ ಬೆಡ್‌ಪ್ಲೇಟಿನಿಂದ ಸಿಲಿಂಡರಿನ ತನಕ ಎಂಜಿನ್ನನ್ನು ಒಂದುಗೂಡಿಸಿ ಹಿಡಿದಿರುವ ಉದ್ದನೆಯ ಟೈ ರಾಡುಗಳದು.

ಹಾಗಾದರೆ ಬಿಗಿತವು ಬೋಲ್ಟನ್ನು ಕಾಪಾಡುವುದು ಹೇಗೆ? ಎತ್ತಿನ ಬಂಡಿಯ ಚಕ್ರಕ್ಕೆ ಪಟ್ಟಿ ತೊಡಿಸುವ ಕಮ್ಮಾರನ ಕೆಲಸವನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರಬಹುದು. ಚಕ್ರಕ್ಕಿಂತ ಕೊಂಚ ಕಿರಿದಾಗಿ ಮಾಡಿದ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ, ನೀರೆರಚಿದರೆ ಅದು ಕುಗ್ಗಿ ಮರದ ಭಾಗಗಳನ್ನೆಲ್ಲ ಒತ್ತಿ ಹಿಡಿಯುತ್ತದೆ. ಆಮೇಲೆ ಬಂಡಿ ಎಂಥ ಕಲ್ಲುದಾರಿಯಲ್ಲಿ ಹೋದರೂ ಮರದ ಸಂದುಗಳು ಬಾಯ್ದೆರೆಯುವುದಿಲ್ಲ, ಪಟ್ಟಿಗೂ ಪ್ರತಿಯೊಂದು ಕುಲುಕಾಟದ ಪೆಟ್ಟು ತಟ್ಟುವುದಿಲ್ಲ. ಬೋಲ್ಟಿನ ವಿದ್ಯಮಾನವೂ ಇದೇ. ನಟ್ಟನ್ನು ಬಿಗಿದಾಗ ಬೋಲ್ಟು ಸ್ವಲ್ಪ ಹಿಗ್ಗುತ್ತದೆ, ಅದು ಹಿಡಿದಿರುವ ಭಾಗಗಳು ಸ್ವಲ್ಪ ಕುಗ್ಗುತ್ತವೆ. ಹೊರಗಿನ ಜಗ್ಗು ಬಂದಾಗ ಅದರಲ್ಲಿ ಹೆಚ್ಚಿನ ಪಾಲು ಕುಗ್ಗಿದ ಭಾಗಗಳ ಒತ್ತಡವನ್ನು ಇಳಿಸುವುದರಲ್ಲಿಯೇ ವ್ಯಯವಾಗಿ, ಬೋಲ್ಟಿಗೆ ಮುಟ್ಟುವುದು ಅಲ್ಪಾಂಶ.

ಎಷ್ಟು ಅಲ್ಪವೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ೨೪ ಮಿಲಿಮೀಟರಿನ ೧೦.೯ ಬೋಲ್ಟಿನಲ್ಲಿ ಎಳೆತವನ್ನು ತಾಳತಕ್ಕ ಅಡ್ಡಕೊಯ್ತ ೩೫೩ ಚದರ ಮಿಲಿಮೀಟರು. ಅದನ್ನು ಸರಿಯಾಗಿ ಬಿಗಿದರೆ ಅದರಲ್ಲಿ ಸುಮಾರು ೨,೨೦,೦೦೦ ನ್ಯೂಟನ್, ಎಂದರೆ ಇಪ್ಪತ್ತೆರಡು ಟನ್ನಿನಷ್ಟು ಎಳೆತ ನೆಲೆಸಿರುತ್ತದೆ. ಪ್ರತಿಯೊಂದು ಜಗ್ಗಿನಲ್ಲಿಯೂ ಈ ಬೋಲ್ಟಿನ ಪಾಲಿಗೆ ೪೦,೦೦೦ ನ್ಯೂಟನ್ ಬರುವುದೆಂದೂ, ಹಿಡಿದ ಭಾಗಗಳು ಬೋಲ್ಟಿನ ನಾಲ್ಕುಪಟ್ಟು ಪೆಡಸೆಂದೂ ಭಾವಿಸಿದರೆ, ಬಿಗಿತ ಸರಿಯಿರುವ ತನಕ ಬೋಲ್ಟು ಅನುಭವಿಸುವುದು ಐದರಲ್ಲೊಂದು ಪಾಲು, ೮,೦೦೦ ನ್ಯೂಟನ್. ಚದರ ಮಿಲಿಮೀಟರಿಗೆ ಹಂಚಿದರೆ ಮೇಲಕ್ಕೆ ೧೧, ಕೆಳಕ್ಕೆ ೧೧. ೪೪ರ ಸೀಮೆಯೊಳಗೆ ಅದು ನೆಮ್ಮದಿಯಿಂದ ಇರುತ್ತದೆ. ಅದೇ ಬೋಲ್ಟು ಸಡಿಲಿ, ಸಂದು ಬಾಯ್ದೆರೆದರೆ ೪೦,೦೦೦ಕ್ಕೆ ೪೦,೦೦೦ವೂ ಅದರ ಮೇಲೆ ಬೀಳುತ್ತದೆ. ಏರಿಳಿತ ಅತ್ತಿತ್ತ ೫೭ಕ್ಕೆ ಏರುತ್ತದೆ. ಎಂಜಿನ್ನು ಅದೇ, ಬೋಲ್ಟು ಅದೇ, ಎಣ್ಣೆಯೂ ಅದೇ. ಆದರೂ ಮೊದಲನೆಯದು ಸಾವಿರಾರು ಗಂಟೆ ಬಾಳಿ, ಎರಡನೆಯದು ವಾರಗಳಲ್ಲಿ ಮುರಿಯುತ್ತದೆ.

ಈಗ ಸ್ಪ್ಯಾನರಿನ ವಿಚಾರ. ಟಾರ್ಕ್ ವ್ರೆಂಚಿನಲ್ಲಿ ತಯಾರಕರ ಪುಸ್ತಕದ ಸಂಖ್ಯೆಯನ್ನಿಟ್ಟು "ಟಕ್" ಎಂದು ಸದ್ದಾಗುವ ತನಕ ತಿರುಗಿಸಿದರೆ ಕರ್ತವ್ಯ ಮುಗಿಯಿತೆಂದು ತಿಳಿಯುವವರಿದ್ದಾರೆ. ತಿರುಗಿಸಲು ಹಾಕಿದ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ನಟ್ಟಿನ ಅಡಿಯ ಘರ್ಷಣೆಗೂ, ನೂರಕ್ಕೆ ನಲವತ್ತರಷ್ಟು ಥ್ರೆಡ್ಡಿನ ಘರ್ಷಣೆಗೂ ಹೋಗಿ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತರ ಆಸುಪಾಸು. ಆದುದರಿಂದ ಥ್ರೆಡ್ಡಿನಲ್ಲಿ ತುಕ್ಕಿನ ಕಣವಿದ್ದರೆ, ಬಣ್ಣ ಹತ್ತಿದ್ದರೆ, ಹಿಂದೆ ಹಚ್ಚಿದ ಪೇಸ್ಟು ಒಣಗಿ ಕಚ್ಚಿಕೊಂಡಿದ್ದರೆ, ಘರ್ಷಣೆ ತುಸುವೇ ಹೆಚ್ಚಿ ಬೋಲ್ಟಿನ ಪಾಲು ಗಣನೀಯವಾಗಿ ತಗ್ಗುತ್ತದೆ. ವ್ರೆಂಚು ಮಾತ್ರ ಅದೇ ಸದ್ದನ್ನು ಮಾಡಿ ಮನುಷ್ಯನನ್ನು ಸಮಾಧಾನಪಡಿಸುತ್ತದೆ. ಇದಕ್ಕೆ ವಿಪರೀತವಾದ ಪ್ರಮಾದವೂ ಉಂಟು: ಎಣ್ಣೆ ಹಚ್ಚಿ ಬಿಗಿಯತಕ್ಕದ್ದೆಂದು ತಯಾರಕರು ಹೇಳಿದ ಕಡೆ, ಇನ್ನೂ ಒಳ್ಳೆಯದಾಗಲೆಂದು ಮಾಲಿಬ್ಡಿನಂ ಪೇಸ್ಟನ್ನು ಬಳಿದರೆ, ಘರ್ಷಣೆ ಇಳಿದು, ಅದೇ ಟಾರ್ಕಿಗೆ ಬೋಲ್ಟು ತನ್ನ ಮಿತಿಯನ್ನು ಮೀರಿ ಹಿಗ್ಗಿ ಶಾಶ್ವತವಾಗಿ ಉದ್ದವಾಗುತ್ತದೆ. ಪುಸ್ತಕದಲ್ಲಿ ಟಾರ್ಕಿನ ಸಂಖ್ಯೆಯ ಪಕ್ಕದಲ್ಲಿ ಯಾವ ಸ್ನೇಹದ್ರವ್ಯವನ್ನು ಹೇಳಿದೆಯೋ ಅದೂ ಆ ಸಂಖ್ಯೆಯ ಒಂದು ಅಂಗವೆಂದೇ ತಿಳಿಯತಕ್ಕದ್ದು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಇಬ್ಬರು ಜೋತುಬೀಳುವ ಪದ್ಧತಿಯ ವಿಷಯವಾಗಿ ಹೆಚ್ಚು ಹೇಳುವುದು ಅನಗತ್ಯ. ಅಲ್ಲಿ ಬಿಗಿತವನ್ನು ನಿರ್ಣಯಿಸುವುದು ಜೋತುಬಿದ್ದವರ ಮೈತೂಕ.

ಎಲ್ಲಿ ಸಾಧ್ಯವೋ ಅಲ್ಲಿ ಬೋಲ್ಟು ನಿಜವಾಗಿ ಎಷ್ಟು ಹಿಗ್ಗಿತೆಂಬುದನ್ನು ಅಳೆಯುವುದೇ ಶ್ರೇಷ್ಠವಾದ ಮಾರ್ಗ. ೩೦೦ ಮಿಲಿಮೀಟರು ಉದ್ದದ ಬೋಲ್ಟಿನಲ್ಲಿ ಚದರ ಮಿಲಿಮೀಟರಿಗೆ ೫೦೦ ನ್ಯೂಟನ್ನಿನ ಎಳೆತ ಹುಟ್ಟಬೇಕಾದರೆ ಅದು ೦.೭೩ ಮಿಲಿಮೀಟರು ಹಿಗ್ಗಬೇಕು. ಮೈಕ್ರೋಮೀಟರಿನಿಂದ ಬಿಗಿಯುವ ಮುನ್ನ ಒಮ್ಮೆ, ಬಿಗಿದ ಬಳಿಕ ಒಮ್ಮೆ ಅಳೆದರೆ ಸಾಕು, ಘರ್ಷಣೆಯ ಗೊಡವೆಯೇ ಇಲ್ಲ. ಮೈಕ್ರೋಮೀಟರು ನಿಲುಕದ ಕಡೆ ಕೋನದ ಲೆಕ್ಕದಿಂದ ಬಿಗಿಯುವ ವಿಧಾನವಿದೆ: ಸಣ್ಣ ಟಾರ್ಕಿನಿಂದ ನಟ್ಟನ್ನು ಚೆನ್ನಾಗಿ ಕೂರಿಸಿ, ಅಲ್ಲಿಂದ ಪುಸ್ತಕ ಹೇಳಿದಷ್ಟು ಡಿಗ್ರಿ ತಿರುಗಿಸುವುದು. ೨೪ ಮಿಲಿಮೀಟರಿನ ಬೋಲ್ಟಿನಲ್ಲಿ ಥ್ರೆಡ್ಡಿನ ಅಂತರ ೩ ಮಿಲಿಮೀಟರಾದುದರಿಂದ ೬೦ ಡಿಗ್ರಿಗೆ ನಟ್ಟು ಅರ್ಧ ಮಿಲಿಮೀಟರು ಮುಂದುವರಿಯುತ್ತದೆ. ನಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗುರುತಿಟ್ಟು ಮಾಡುವ ಈ ಕೆಲಸದಲ್ಲಿ ಮೋಸಕ್ಕೆ ಎಡೆ ಕಡಿಮೆ.

ದೊಡ್ಡ ಎಂಜಿನ್ನುಗಳಲ್ಲಿ ಹೈಡ್ರಾಲಿಕ್ ಜಾಕಿನದೇ ರಾಜ್ಯ. ಎಣ್ಣೆಯ ಒತ್ತಡದಿಂದ ಬೋಲ್ಟನ್ನು ನೆಟ್ಟಗೆ ಮೇಲಕ್ಕೆಳೆದು, ಹಿಗ್ಗಿದ ಸ್ಥಿತಿಯಲ್ಲಿ ನಟ್ಟನ್ನು ಟಾಮಿ ಬಾರಿನಿಂದ ಕೈಯಲ್ಲೇ ತಿರುಗಿಸಿ ಕೂರಿಸಿ, ಒತ್ತಡವನ್ನು ಬಿಟ್ಟರೆ ಬೋಲ್ಟು ನಟ್ಟಿನ ಮೇಲೆ ಕುಳಿತುಕೊಳ್ಳುತ್ತದೆ. ತಿರುಚು ಇಲ್ಲ, ಘರ್ಷಣೆಯ ಅನಿಶ್ಚಯವಿಲ್ಲ. ಆದರೆ ಇದರಲ್ಲಿಯೂ ಅಜಾಗ್ರತೆಗೆ ದ್ವಾರಗಳುಂಟು. ಜಾಕಿನೊಳಗೆ ಗಾಳಿ ಉಳಿಯಕೂಡದು. ನಟ್ಟಿನ ಅಡಿಯ ಮುಖವನ್ನು ಒರೆಸದೆ ಜಾಕು ಕೂರಿಸಕೂಡದು. ನಟ್ಟು ಪೂರ್ತಿ ಕೂತಿತೋ ಇಲ್ಲವೋ ಎಂಬುದನ್ನು ಟಾಮಿ ಬಾರಿನ ಅನುಭವಕ್ಕೆ ಬಿಟ್ಟುಬಿಡದೆ, ಒತ್ತಡ ಇರುವಾಗಲೇ ತೆಳ್ಳನೆಯ ಫೀಲರ್ ಗೇಜನ್ನು ನಟ್ಟಿನ ಅಡಿಗೆ ನಾಲ್ಕು ದಿಕ್ಕಿನಿಂದ ತೂರಿಸಿ ನೋಡತಕ್ಕದ್ದು. ಒಂದು ದಿಕ್ಕಿನಿಂದ ಒಳನುಗ್ಗಿದರೂ ಒತ್ತಡ ಬಿಟ್ಟೊಡನೆ ಬಿಗಿತದಲ್ಲಿ ಒಂದು ಪಾಲು ಮಾಯವಾಗುತ್ತದೆ. ಸಡಿಲಿಸುವಾಗ ಜಾಕನ್ನು ಕೊನೆಯ ತನಕ ತಿರುಗಿಸಿ ಅಲ್ಲಿಂದ ಪುಸ್ತಕ ಹೇಳಿದಷ್ಟು ಹಿಂದಕ್ಕೆ ತಿರುಗಿಸದಿದ್ದರೆ, ಬೋಲ್ಟು ಕುಗ್ಗಿದಾಗ ಜಾಕು ಕಚ್ಚಿಕೊಂಡು ಕೂರುತ್ತದೆ. ಪಂಪಿನ ಮೇಲಿರುವ ಒತ್ತಡದ ಗೇಜೇ ಸುಳ್ಳು ಹೇಳುತ್ತಿದ್ದರೆ ಎಂಜಿನ್ನಿನ ಎಲ್ಲ ಬೋಲ್ಟುಗಳೂ ಏಕಕಾಲದಲ್ಲಿ ತಪ್ಪು ಬಿಗಿತವನ್ನು ಪಡೆಯುವುದರಿಂದ, ಅದನ್ನು ಕಾಲಕಾಲಕ್ಕೆ ಪರೀಕ್ಷಾಲಯಕ್ಕೆ ಕಳುಹಿಸುವ ಖರ್ಚು ದಂಡವೆಂದು ಯಾರೂ ಎಣಿಸಬಾರದು. ಒತ್ತಡವೇರಿದ ಜಾಕಿನ ನೇರಕ್ಕೆ ತಲೆ ಬಾಗಿಸಿ ನಿಲ್ಲಬಾರದೆಂಬುದಂತೂ ಪ್ರಾಣದ ಪ್ರಶ್ನೆ.

ಸರಿಯಾಗಿ ಬಿಗಿದ ಮೇಲೂ ಬಿಗಿತ ಕರಗುವುದುಂಟು. ಲೋಹದ ಮುಖಗಳು ಎಷ್ಟೇ ನುಣುಪಾಗಿ ಕಂಡರೂ ಸೂಕ್ಷ್ಮವಾದ ದಿಣ್ಣೆತಗ್ಗುಗಳಿಂದ ಕೂಡಿರುತ್ತವೆ. ಎಂಜಿನ್ನು ಓಡಲಾರಂಭಿಸಿದಾಗ ಆ ದಿಣ್ಣೆಗಳು ಚಪ್ಪಟೆಯಾಗಿ, ಬೋಲ್ಟಿನ ಹಿಗ್ಗಿನಲ್ಲಿ ಅಷ್ಟು ಪಾಲು ನಷ್ಟವಾಗುತ್ತದೆ. ಹೀಗೆ ೦.೦೨ ಮಿಲಿಮೀಟರು ಕೂತಿತೆನ್ನಿ. ೦.೭೩ ಹಿಗ್ಗಿದ್ದ ಉದ್ದನೆಯ ಬೋಲ್ಟಿಗೆ ಅದು ನೂರಕ್ಕೆ ಮೂರರಷ್ಟೂ ಅಲ್ಲ. ಅದೇ ಎಳೆತದಲ್ಲಿ ೪೦ ಮಿಲಿಮೀಟರಿನ ಗಿಡ್ಡ ಬೋಲ್ಟು ಹಿಗ್ಗಿರುವುದೇ ೦.೧ ಮಿಲಿಮೀಟರಾದುದರಿಂದ, ಅದರ ಬಿಗಿತದಲ್ಲಿ ಐದನೆಯ ಒಂದು ಪಾಲು ಹೋಯಿತು. ಎಂಜಿನ್ನುಗಳನ್ನು ರಚಿಸಿದವರು ಬೋಲ್ಟನ್ನು ಆದಷ್ಟು ಉದ್ದವಾಗಿಯೂ, ನಡುವಿನ ಭಾಗವನ್ನು ಥ್ರೆಡ್ಡಿಗಿಂತ ಸಪುರವಾಗಿಯೂ ಮಾಡಿರುವುದರ ಮರ್ಮ ಇದು. ಸಪುರವಾದ ನಡುವನ್ನು ಕಂಡು "ಇದು ಸವೆದಿದೆ" ಎಂದು, ಲೇತಿನವನಿಂದ ಉದ್ದಕ್ಕೂ ಒಂದೇ ದಪ್ಪದ ಬೋಲ್ಟನ್ನು ಕಡೆಸಿ ಹಾಕುವ ಬುದ್ಧಿವಂತಿಕೆ ಕೆಲವೆಡೆ ಕಾಣುತ್ತದೆ. ಅದರಿಂದ ಬೋಲ್ಟು ಪೆಡಸಾಗಿ ಜಗ್ಗಿನ ಹೆಚ್ಚಿನ ಪಾಲನ್ನು ತನ್ನ ಮೇಲೆಳೆದುಕೊಳ್ಳುತ್ತದೆ. ಮೇಲಾಗಿ ಲೇತಿನಲ್ಲಿ ಕೊರೆದ ಥ್ರೆಡ್ಡಿನ ಬುಡದಲ್ಲಿ ಉಳಿಯ ಗೀರುಗಳು ಉಳಿದು, ಬಿರುಕಿಗೆ ಆಮಂತ್ರಣ ಕೊಡುತ್ತವೆ. ಒಳ್ಳೆಯ ಬೋಲ್ಟುಗಳ ಥ್ರೆಡ್ಡನ್ನು ಕೊರೆಯುವುದಿಲ್ಲ, ಗಟ್ಟಿ ಅಚ್ಚುಗಳ ನಡುವೆ ಹೊರಳಿಸಿ ಒತ್ತಿ ಮೂಡಿಸುತ್ತಾರೆ. ಹದಗೊಳಿಸಿದ ಬಳಿಕ ಹೊರಳಿಸಿದರಂತೂ ಬುಡದಲ್ಲಿ ಒತ್ತಡದ ಪದರವೊಂದು ನಿಂತು ದಣಿವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ.

ಕೂಡುಮುಖಗಳಲ್ಲಿ ಬಣ್ಣ, ಕೊಳೆ, ಚೂರು, ಏಣು ಯಾವುದೂ ಉಳಿಯದಂತೆ ನೋಡುವುದು ಹೊಸ ಬೋಲ್ಟು ಕೊಳ್ಳುವುದಕ್ಕಿಂತ ಮುಖ್ಯವಾದ ಕೆಲಸ. ನಟ್ಟಿನ ಮುಖಕ್ಕೆ ತೆಳುವಾಗಿ ನೀಲಿ ಹಚ್ಚಿ ಕೂರಿಸಿ ತೆಗೆದರೆ ಅದರ ಗುರುತು ಸುತ್ತಲೂ ಸಮನಾಗಿ ಬೀಳಬೇಕು. ಒಂದೇ ಕಡೆ ಬಿದ್ದರೆ ಮುಖ ಓರೆಯೆಂದು ಅರ್ಥ, ಓರೆಯಾದ ನಟ್ಟು ಬೋಲ್ಟನ್ನು ಎಳೆಯುವುದರೊಡನೆ ಬಗ್ಗಿಸಲೂ ಬಗ್ಗಿಸುತ್ತದೆ. ಬಿಗ್ ಎಂಡಿನ ಹಲ್ಲುಹಲ್ಲಾದ ಕೂಡುಮುಖಗಳಿದ್ದಲ್ಲಿ ಹಲ್ಲುಗಳ ಮೇಲೆ ಕಂದುಕೆಂಪು ಪುಡಿಯೋ, ಕಚ್ಚಿ ಕಿತ್ತ ಗುರುತೋ ಕಂಡರೆ ಮುಖಗಳು ಒಂದರ ಮೇಲೊಂದು ಸರಿದಾಡಿವೆ. ಅಲ್ಲಿ ಬಿಗಿತ ಸಾಲದೆ ಇತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹಳೆಯ ಎಂಜಿನ್ನುಗಳ ಸೀಳುನಟ್ಟಿಗೆ ಸ್ಪ್ಲಿಟ್ ಪಿನ್ ತೂರಿಸುವಾಗ, ರಂಧ್ರ ಕೂಡಿ ಬರಲಿಲ್ಲವೆಂದು ನಟ್ಟನ್ನು ತುಸು ಹಿಂದಕ್ಕೆ ತಿರುಗಿಸುವ ಚಾಳಿ ಅತ್ಯಂತ ಅಪಾಯಕರ. ಬೇರೊಂದು ನಟ್ಟನ್ನು ಹಾಕಿ ನೋಡಬೇಕೇ ವಿನಾ ಬಿಗಿತದೊಡನೆ ಚೌಕಾಶಿ ಮಾಡಬಾರದು. ಸ್ಪ್ರಿಂಗ್ ವಾಷರು ಹಾಕಿದ್ದೇನೆ, ಇನ್ನು ಸಡಿಲುವುದಿಲ್ಲ ಎಂಬ ನಂಬಿಕೆಗೂ ಆಧಾರವಿಲ್ಲ. ೧೯೬೯ರಲ್ಲಿ ಗೆರ್ಹಾರ್ಡ್ ಯುಂಕರನು ಪ್ರಕಟಿಸಿದ ಪರೀಕ್ಷೆಗಳು, ಕೂಡುಮುಖಗಳು ಅಡ್ಡಡ್ಡಲಾಗಿ ಜಾರತೊಡಗಿದರೆ ನಟ್ಟು ತಾನಾಗಿ ಬಿಚ್ಚಿಕೊಳ್ಳುವುದೆಂಬುದನ್ನು ಸ್ಪಷ್ಟಪಡಿಸಿದುವು. ಜಾರುವುದನ್ನು ತಡೆಯತಕ್ಕದ್ದು ಬೋಲ್ಟಿನ ಬಿಗಿತವೇ.

ಮುರಿದ ಬೋಲ್ಟು ಕೈಗೆ ಬಂದಾಗ ಅದನ್ನು ಓದಲು ಕಲಿಯಬೇಕು. ಓದುವ ಮುನ್ನ ಅದನ್ನು ವೈರ್ ಬ್ರಷ್ಷಿನಿಂದ ಉಜ್ಜಬಾರದು, ಎರಡು ತುಂಡುಗಳನ್ನು ಜೋಡಿಸಿ ನೋಡುವ ಕುತೂಹಲಕ್ಕೆ ಬಲಿಯಾಗಬಾರದು. ಮುರಿದ ಮುಖಕ್ಕೆ ತೆಳುವಾಗಿ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿದರೆ ದಣಿದು ಮುರಿದ ಮುಖದಲ್ಲಿ ಎರಡು ಭಾಗಗಳು ಕಾಣುತ್ತವೆ. ಒಂದು ಭಾಗ ನುಣುಪು. ಅದರ ಮೇಲೆ ಅಂಚಿನ ಯಾವುದೋ ಒಂದು ಬಿಂದುವಿನಿಂದ ಹೊರಟು ಒಳಮುಖವಾಗಿ ಹರಡುತ್ತ ಹೋದ ಬಿಲ್ಲಿನಾಕಾರದ ಗೆರೆಗಳಿರುತ್ತವೆ. ಎಂಜಿನ್ನು ಓಡಿ ನಿಂತು ಮತ್ತೆ ಓಡಿದ, ಭಾರ ಏರಿ ಇಳಿದ ಚರಿತ್ರೆ ಆ ಗೆರೆಗಳಲ್ಲಿ ದಾಖಲಾಗಿರುತ್ತದೆ. ಉಳಿದ ಭಾಗ ಒರಟು, ಕಾಳುಕಾಳು. ಬಿರುಕು ಮುಂದುವರಿದು ಉಳಿದ ಲೋಹ ಭಾರ ಹೊರಲಾರದೆ ಒಂದೇ ಏಟಿಗೆ ಹರಿದ ಜಾಗ ಅದು. ಒರಟು ಭಾಗ ಚಿಕ್ಕದಾಗಿದ್ದಷ್ಟೂ ಹರಿಯುವ ಹೊತ್ತಿಗೆ ಬೋಲ್ಟಿನ ಮೇಲಿದ್ದ ಎಳೆತ ಕಡಿಮೆಯಿತ್ತೆಂದು ತಿಳಿಯಬಹುದು. ಗೆರೆಗಳು ಒಂದೇ ಬಿಂದುವಿನಿಂದ ಹೊರಡದೆ ಅಂಚಿನುದ್ದಕ್ಕೂ ಹಲವು ಬಿಂದುಗಳಿಂದ ಹೊರಟು, ನಡುನಡುವೆ ಮೆಟ್ಟಿಲುಗಳಿದ್ದರೆ ಏರಿಳಿತ ತೀವ್ರವಾಗಿತ್ತು.

ಮುರಿದ ಜಾಗವೂ ಮಾತನಾಡುತ್ತದೆ. ನಟ್ಟಿನೊಳಗೆ ತೊಡಗಿರುವ ಥ್ರೆಡ್ಡುಗಳಲ್ಲಿ ಮೊದಲನೆಯದೊಂದೇ ಒಟ್ಟು ಭಾರದ ಸುಮಾರು ಮೂರನೆಯ ಒಂದಂಶವನ್ನು ಹೊರುವುದರಿಂದ ಬಹುಪಾಲು ಬೋಲ್ಟುಗಳು ಮುರಿಯುವುದು ಅಲ್ಲಿಯೇ. ಆಮೇಲೆ ಥ್ರೆಡ್ಡು ಮುಗಿದು ನುಣುಪಾದ ಮೈ ಆರಂಭವಾಗುವ ಕಡೆ. ತಲೆಯ ಬುಡದ ತಿರುವಿನಲ್ಲಿ ಕಡಿಮೆ. ತಲೆಯ ಬುಡದಲ್ಲಿಯೇ ಮುರಿದಿದ್ದರೆ ತಲೆ ಓರೆಯಾಗಿ ಕೂತಿತ್ತೇ, ಆ ತಿರುವಿನಲ್ಲಿ ಗೀರು ಬಿದ್ದಿತ್ತೇ ಎಂದು ಶಂಕಿಸಬೇಕು. ಒಂದೇ ರಾಡಿನ ಎರಡು ಬೋಲ್ಟುಗಳು ಮುರಿದಿದ್ದಾಗ, ಬಿಲ್ಲುಗೆರೆಗಳಿರುವುದು ಮೊದಲು ಸೋತದ್ದು; ಕತ್ತು ಸಣ್ಣದಾಗಿ ಎಳೆದುಕೊಂಡು ಹರಿದದ್ದು ಸಂಗಾತಿ ಹೋದಮೇಲೆ ಒಂಟಿಯಾಗಿ ಭಾರ ತಾಳಲಾರದೆ ಮುರಿದದ್ದು. ಈ ತಾರತಮ್ಯವನ್ನು ಮಾಡದೆ ಎರಡನೆಯ ಬೋಲ್ಟನ್ನೇ ಹಿಡಿದು "ಹೆಚ್ಚು ಬಿಗಿದು ಹರಿದಿದೆ" ಎಂದು ತೀರ್ಮಾನಿಸಿದರೆ, ಮುಂದಿನ ಸಲ ಇನ್ನಷ್ಟು ಸಡಿಲವಾಗಿ ಬಿಗಿಯುವ ಅನರ್ಥ ಉಂಟಾಗುತ್ತದೆ.

ಮುರಿಯುವ ಮುನ್ನವೇ ಬಿರುಕನ್ನು ಕಾಣುವ ಉಪಾಯಗಳೂ ಇವೆ. ಬಿಚ್ಚಿದ ಬೋಲ್ಟನ್ನು ಸ್ವಚ್ಛವಾಗಿ ತೊಳೆದು, ಅಯಸ್ಕಾಂತದ ಕಣಗಳಿಂದಲೋ, ಕೆಂಪು ಬಣ್ಣದ ಪೆನಿಟ್ರಂಟ್ ದ್ರಾವಣದಿಂದಲೋ ಥ್ರೆಡ್ಡಿನ ಬುಡಗಳನ್ನು ಪರೀಕ್ಷಿಸಬಹುದು. ಬಿಚ್ಚಲಾಗದ ಉದ್ದನೆಯ ಬೋಲ್ಟನ್ನು ಶ್ರವಣಾತೀತ ತರಂಗಗಳಿಂದ ತುದಿಯಿಂದಲೇ ತಪಾಸಣೆ ಮಾಡಬಹುದು. ಇಂಥ ತಪಾಸಣೆಯ ಬೆಲೆ ಎಷ್ಟೆಂಬುದನ್ನು ತೋರಿಸಿದ ದುರಂತ ನಡೆದದ್ದು ಸಮುದ್ರದಲ್ಲಲ್ಲ, ಸೈಬೀರಿಯದ ಜಲವಿದ್ಯುತ್ ಕೇಂದ್ರದಲ್ಲಿ. ೨೦೦೯ರ ಆಗಸ್ಟ್ ೧೭ರಂದು ಸಯಾನೊ-ಶುಶೆನ್ಸ್ಕಯಾ ಕೇಂದ್ರದ ಎರಡನೆಯ ಟರ್ಬೈನಿನ ಮುಚ್ಚಳವನ್ನು ಹಿಡಿದಿದ್ದ ಸ್ಟಡ್ಡುಗಳು ಹರಿದು, ಯಂತ್ರ ಮೇಲಕ್ಕೆ ಚಿಮ್ಮಿ, ನುಗ್ಗಿದ ನೀರಿನಲ್ಲಿ ೭೫ ಮಂದಿ ಸತ್ತರು. ಸಿಕ್ಕಿದ ೪೯ ಸ್ಟಡ್ಡುಗಳಲ್ಲಿ ೪೧ರಲ್ಲಿ ದಣಿವಿನ ಬಿರುಕುಗಳಿದ್ದುವು. ಆ ಬಿರುಕುಗಳು ಒಂದು ದಿನದಲ್ಲಿ ಬೆಳೆದುವಲ್ಲ. ನಡುಕವನ್ನು ಸಹಿಸಿಕೊಂಡು ಯಂತ್ರವನ್ನು ಓಡಿಸಿದ ಕಾಲವೆಲ್ಲ ಅವು ಬೆಳೆಯುತ್ತಲೇ ಇದ್ದುವು.

ಹಡಗಿನ ಎಂಜಿನ್ನಿನಲ್ಲಿ ಬೋಲ್ಟಿನ ಆಯುಸ್ಸನ್ನು ಹಠಾತ್ತನೆ ಕುಗ್ಗಿಸುವ ಸಂದರ್ಭಗಳು ಕೆಲವಿವೆ. ದೊಡ್ಡ ಅಲೆಯಲ್ಲಿ ಪ್ರೊಪೆಲ್ಲರು ನೀರಿನಿಂದ ಮೇಲೆದ್ದು ಎಂಜಿನ್ನು ಒಮ್ಮೆಲೆ ಓಟ ಕಿತ್ತರೆ ಜಗ್ಗಿನ ಬಲ ವೇಗದ ವರ್ಗಕ್ಕೆ ಅನುಸಾರವಾಗಿ ಏರುತ್ತದೆ: ವೇಗ ನೂರಕ್ಕೆ ಹತ್ತು ಹೆಚ್ಚಿದರೆ ಬಲ ನೂರಕ್ಕೆ ಇಪ್ಪತ್ತೊಂದು ಹೆಚ್ಚು, ಹದಿನೈದು ಹೆಚ್ಚಿದರೆ ಮೂವತ್ತೆರಡು. ಆದುದರಿಂದ ಮಿತಿ ಮೀರಿ ಓಡಿದ, ಅಥವಾ ಪಿಸ್ಟನ್ನು ಕಚ್ಚಿಹಿಡಿದ ಎಂಜಿನ್ನಿನ ಬಿಗ್ ಎಂಡ್ ಬೋಲ್ಟುಗಳನ್ನು ಹೊರನೋಟಕ್ಕೆ ಚೆನ್ನಾಗಿವೆಯೆಂದು ಉಳಿಸಿಕೊಳ್ಳಬಾರದು. ಎಣ್ಣೆಯಲ್ಲಿ ನೀರು ಸೇರಿ ಬೋಲ್ಟಿನ ಮೈಯಲ್ಲಿ ಸಣ್ಣ ತುಕ್ಕಿನ ಗುಳಿಗಳೆದ್ದರೂ ಅಷ್ಟೇ. ಒಂದೊಂದು ಗುಳಿಯೂ ಬಿರುಕಿನ ಬೀಜ. ತುಕ್ಕು ಹಿಡಿಯದಿರಲೆಂದು ೧೨.೯ರಂಥ ಅತಿ ಗಟ್ಟಿ ಬೋಲ್ಟಿಗೆ ಸ್ಥಳೀಯವಾಗಿ ಸತುವಿನ ಲೇಪ ಕೊಡಿಸುವುದು ಮತ್ತೊಂದು ವಿಪತ್ತು. ಲೇಪಿಸುವಾಗ ಉಕ್ಕಿನೊಳಗೆ ಹೊಕ್ಕ ಹೈಡ್ರೊಜನ್ನು ಅದನ್ನು ಭಿದುರವಾಗಿಸಿ, ಬಿಗಿದಿಟ್ಟ ಬೋಲ್ಟು ಯಾವ ಜಗ್ಗೂ ಇಲ್ಲದೆಯೇ ತಾನಾಗಿ ಸಿಡಿಯುವುದುಂಟು. ಎಂಜಿನ್ನನ್ನು ತಳಪಾಯಕ್ಕೆ ಹಿಡಿದಿರುವ ಬೋಲ್ಟುಗಳು, ಟರ್ಬೋಚಾರ್ಜರಿನ ಬ್ರ್ಯಾಕೆಟ್ಟಿನವು, ಇಂಧನದ ಕೊಳವೆಗಳ ಕ್ಲ್ಯಾಂಪಿನವು ಎಲ್ಲವೂ ಇದೇ ಧರ್ಮಕ್ಕೆ ಒಳಪಟ್ಟವು. ಕ್ಲ್ಯಾಂಪಿನ ಚಿಕ್ಕ ಬೋಲ್ಟು ಮುರಿದು ಕೊಳವೆ ನಡುಗಿ ಬಿರುಕುಬಿಟ್ಟರೆ ಸಿಡಿದ ಎಣ್ಣೆ ಬಿಸಿ ಹೊಗೆನಳಿಗೆಯ ಮೇಲೆ ಬಿದ್ದು ಎಂಜಿನ್ ಕೋಣೆಗೇ ಬೆಂಕಿ ಹತ್ತೀತು.

ನಮ್ಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರ ವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಮಲ್ಪೆ, ಮಂಗಳೂರು, ಗಂಗೊಳ್ಳಿ, ಕಾರವಾರದ ಧಕ್ಕೆಗಳಲ್ಲಿ ಎಂಜಿನ್ನು ಬಿಚ್ಚಿ ನೋಡಲು ಅದಕ್ಕಿಂತ ಪ್ರಶಸ್ತವಾದ ಕಾಲವಿಲ್ಲ. ಆಗ ಬೋಟಿನ ಮಾಲೀಕನೂ ತಾಂಡೇಲನೂ ಮೆಕ್ಯಾನಿಕ್ಕನೂ ಕೂಡಿ ಒಂದು ಪುಸ್ತಕ ಇಡುವುದು ಅವಶ್ಯ. ಪ್ರತಿಯೊಂದು ಬಿಗ್ ಎಂಡ್ ಬೋಲ್ಟಿಗೂ ಒಂದು ಸಂಖ್ಯೆ. ಅದನ್ನು ಹಾಕಿದ ದಿನದ ಗಂಟೆಯ ಮೀಟರು. ಹೊಸದರಲ್ಲಿ ಅಳೆದ ಉದ್ದ. ಪ್ರತಿ ಸಲ ಬಿಚ್ಚಿದಾಗ ಬಿಡಿಯಾಗಿ ಅಳೆದ ಉದ್ದ. ಬಿಡಿಯಾದ ಬೋಲ್ಟು ಹೊಸದರಲ್ಲಿದ್ದುದಕ್ಕಿಂತ ತಯಾರಕರ ಮಿತಿ ಮೀರಿ ಉದ್ದವಾಗಿದ್ದರೆ ಅದಕ್ಕೆ ನಿವೃತ್ತಿ. ತಯಾರಕರು ಹೇಳಿದ ಗಂಟೆಗಳು ತುಂಬಿದಾಗ ಅಳತೆ ಸರಿಯಿದ್ದರೂ ನಿವೃತ್ತಿಯೇ. ಒಂದನ್ನು ಬದಲಿಸಿದರೆ ಅದರ ಜೋಡಿಯನ್ನೂ ಬದಲಿಸಬೇಕು. ಸಂಖ್ಯೆಯನ್ನು ಬೋಲ್ಟಿನ ತುದಿಯ ಮೇಲೆ ಬಣ್ಣದಿಂದ ಬರೆಯಬೇಕೇ ಹೊರತು, ಉಳಿಯಿಂದ ಅದರ ಮೈಯಲ್ಲಿ ಗೀಚಬಾರದು. ಕೂಡಿಸಿದ ಮೇಲೆ ಎಂಜಿನ್ನನ್ನು ಸ್ವಲ್ಪ ಕಾಲ ಓಡಿಸಿ ನಿಲ್ಲಿಸಿ, ಬಿಸಿ ಎಣ್ಣೆಯ ಆವಿ ಹೊತ್ತಿಕೊಳ್ಳದಂತೆ ಸಾಕಷ್ಟು ತಣಿದ ಬಳಿಕವೇ ಕ್ರ್ಯಾಂಕ್‌ಕೇಸಿನ ಬಾಗಿಲು ತೆರೆದು, ಲಾಕುಗಳನ್ನೂ ಸೀಮೆಸುಣ್ಣದ ಗುರುತುಗಳನ್ನೂ ನೋಡತಕ್ಕದ್ದು. ಕೈಗೆ ಸಿಕ್ಕಿದ ಸ್ಪ್ಯಾನರಿನಿಂದ "ಇನ್ನೊಂದು ಚೂರು ಇರಲಿ" ಎಂದು ಎಳೆಯಬಾರದು. ಶಂಕೆ ಬಂದರೆ ಪೂರ್ತಿ ಬಿಚ್ಚಿ, ತೊಳೆದು, ಮೊದಲಿನಿಂದ ಬಿಗಿಯಬೇಕು. ಹೈಡ್ರಾಲಿಕ್ ನಟ್ಟಾದರೆ ಜಾಕು ಕೂರಿಸಿ ಒತ್ತಡವನ್ನು ಮೆಲ್ಲನೆ ಏರಿಸುತ್ತ, ಯಾವ ಒತ್ತಡದಲ್ಲಿ ನಟ್ಟು ಸಡಿಲುತ್ತದೆಂಬುದನ್ನು ತಯಾರಕರ ಪುಸ್ತಕದ ಸಂಖ್ಯೆಯೊಡನೆ ಹೋಲಿಸಿದರೆ ಬಿಗಿತದ ನಿಜಸ್ಥಿತಿ ತಿಳಿಯುತ್ತದೆ.

ನಿವೃತ್ತಿಯಾದ ಬೋಲ್ಟುಗಳನ್ನು ಹಾಗೆಯೇ ಡಬ್ಬಿಯಲ್ಲಿ ಹಾಕಿಡಬಾರದು, ಗುಜರಿಗೂ ಇಡಿಯಾಗಿ ಕೊಡಬಾರದು. ಕಣ್ಣಿಗೆ ಹೊಸದರಂತೆಯೇ ಕಾಣುವ ಅವು ಒಂದು ಸುತ್ತು ತಿರುಗಿ, ಒರೆಸಿ ಎಣ್ಣೆ ಹಚ್ಚಿಸಿಕೊಂಡು, ಇನ್ನೊಬ್ಬನ ಎಂಜಿನ್ನನ್ನು ಸೇರುವುದುಂಟು. ತೆಗೆದ ದಿನವೇ ಗ್ಯಾಸ್ ಕಟರಿನಿಂದ ಎರಡು ತುಂಡು ಮಾಡಿ, ಪುಸ್ತಕದಲ್ಲಿ ಆ ಸಂಖ್ಯೆಯ ಮುಂದೆ ಗೆರೆ ಎಳೆಯತಕ್ಕದ್ದು.